ವರ್ಡ್‌ಪ್ರೆಸ್ ಜೊತೆ ಎಂಟು ವರ್ಷ: ತುಮಕೂರಿನ ಒಬ್ಬ ಡಿಟಿಪಿಯವನ ಅನುಭವ

ನಾನು ಮೂಲತಃ ಡಿಟಿಪಿಯವನು, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವವನು. ತುಮಕೂರಿನ ಅಶೋಕ ರಸ್ತೆ ಪಕ್ಕದ ಗಲ್ಲಿಯೊಂದರ ಪ್ರೆಸ್ಸಿನಲ್ಲಿ ಪೇಜ್‌ಮೇಕರ್, ಕೋರೆಲ್‌ಡ್ರಾ, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಇಟ್ಟುಕೊಂಡು ಲಗ್ನಪತ್ರಿಕೆ, ಬಿಲ್ ಬುಕ್, ತಿಥಿ ಕಾರ್ಡು ಮಾಡುತ್ತಾ ಹತ್ತು ವರ್ಷ ಕಳೆದೆ. ಲಗ್ನಪತ್ರಿಕೆ ವಾಟ್ಸಾಪಿಗೆ ಹೋದ ಮೇಲೆ ಸಾವಿರ ಅಚ್ಚು ಹಾಕಿಸುತ್ತಿದ್ದವರು ಇನ್ನೂರಕ್ಕೆ ಇಳಿದರು. ಆಗ, 2017ರಲ್ಲಿ, ಹಳೇ ಗಿರಾಕಿಯೊಬ್ಬರು "ನಿಂಗೆ ಕಂಪ್ಯೂಟರ್ ಗೊತ್ತಲ್ಲಪ್ಪ, ನಮ್ಮ ಮಂಡಿಗೆ ಒಂದು ವೆಬ್‌ಸೈಟ್ ಮಾಡ್ಕೊಡು" ಅಂದರು. ತಿಪಟೂರಿನಲ್ಲಿ ಅವರದು ಕೊಬ್ಬರಿ ಮಂಡಿ. ನನಗೆ ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಯಿತು. ಹ್ಞೂಂ ಅಂದೆ. ಅಲ್ಲಿಂದ ಇಲ್ಲಿವರೆಗೆ ಮೂವತ್ತಕ್ಕೂ ಹೆಚ್ಚು ಸೈಟು ಕಟ್ಟಿದ್ದೇನೆ. ಬಹುಪಾಲು ವರ್ಡ್‌ಪ್ರೆಸ್ ಅನ್ನುವ, ಸೈಟು ಕಟ್ಟಿ ಲಾಗಿನ್ ಆಗಿ ತಿದ್ದುವ ತಂತ್ರಾಂಶದಲ್ಲಿ, ಕೆಲವು ಬರೀ ಎಚ್‌ಟಿಎಮ್‌ಎಲ್‌ನಲ್ಲಿ, ಅಂದರೆ ವೆಬ್ ಪುಟದ ಕೋಡನ್ನು ಕೈಯಲ್ಲೇ ಬರೆದು. ಯಾವುದನ್ನು ಯಾರಿಗೆ ಹಾಕಬೇಕು ಅನ್ನುವುದು ತಿಳಿಯೋಕೆ ಮಾತ್ರ ಐದಾರು ವರ್ಷ ಬೇಕಾಯಿತು.

ಮೊದಲ ಪೆಟ್ಟು ತಿಂದದ್ದು ಸಾಫ್ಟ್‌ವೇರಿನಿಂದಲ್ಲ, ನುಡಿಯಲ್ಲಿ ಟೈಪ್ ಮಾಡಿದ ಮ್ಯಾಟರಿನಿಂದ. ಮಂಡಿಯವರ ಪರಿಚಯ, ಇತಿಹಾಸ ಎಲ್ಲ ನನ್ನ ಹತ್ತಿರವೇ ಹಳೇ ಕರಪತ್ರದ ಫೈಲಿನಲ್ಲಿತ್ತು. ಅದನ್ನೇ ಕಾಪಿ ಮಾಡಿ ಸೈಟಿಗೆ ಹಾಕಿದೆ. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೆರೆ ಎಳೆದ ಎ, ಆಮೇಲೆ ಪೌಂಡ್ ಹಣದ ಚಿಹ್ನೆ! ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಹೀಗೆ ವೇಷ ಕಳಚಿ ಬೀಳುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ, ಆ ತಾಪತ್ರಯ ಇಲ್ಲ. ಪರಿವರ್ತಕಗಳಿವೆ, ಬಳಸಿ. ಆದರೆ ಪರಿವರ್ತನೆ ಆದ ಮೇಲೆ ಒಂದು ಸಲ ಕೂತು ಕರಡು ತಿದ್ದಲೇಬೇಕು. ಅರ್ಕಾವತ್ತು ಇದ್ದ ಕಡೆಯಂತೂ ಎರಡು ಸಲ.

ಈಗ ವರ್ಡ್‌ಪ್ರೆಸ್. ಇದು 2003ರ ಮೇ 27ರಂದು ಹೊರಬಂದ ಮುಕ್ತ ತಂತ್ರಾಂಶ. ಮ್ಯಾಟ್ ಮುಲ್ಲೆನ್‌ವೆಗ್, ಮೈಕ್ ಲಿಟಲ್ ಇಬ್ಬರೂ ನಿಂತುಹೋಗಿದ್ದ ಬ್ಲಾಗ್ ತಂತ್ರಾಂಶವೊಂದನ್ನು ಎತ್ತಿಕೊಂಡು ಬೆಳೆಸಿದ್ದು. ಇವತ್ತು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಇದರ ಮೇಲೇ ನಿಂತಿವೆ. ತಂತ್ರಾಂಶಕ್ಕೆ ದುಡ್ಡಿಲ್ಲ. ಖರ್ಚು ಬರುವುದು ಡೊಮೇನ್ (ಸೈಟಿನ ಹೆಸರು), ಹೋಸ್ಟಿಂಗ್ (ಸೈಟನ್ನು ಇಡುವ ಸರ್ವರಿನ ಬಾಡಿಗೆ) ಇವಕ್ಕೆ. ಹೊಸಬರು ಒಂದು ವಿಷಯ ಗಮನಿಸಿ: ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ನಾವೇ ಇಳಿಸಿ ನಮ್ಮ ಹೋಸ್ಟಿಂಗ್‌ನಲ್ಲಿ ಹಾಕಿಕೊಳ್ಳುವ ತಂತ್ರಾಂಶ, ಡಾಟ್ ಕಾಮ್ ಅದೇ ತಂತ್ರಾಂಶದ ಮೇಲೆ ನಡೆಯುವ ಸೇವೆ. ನಾನು ಹೇಳುತ್ತಿರುವುದು ಮೊದಲನೆಯದರ ಬಗ್ಗೆ.

ಮಂಡಿಯವರ ಸೈಟು ತಯಾರಾಯಿತು. ಚೆಂದದ ಥೀಮು (ಸಿದ್ಧ ವಿನ್ಯಾಸ), ವಿದೇಶಿ ಕಾಫಿ ಅಂಗಡಿಗೆ ಮಾಡಿದ್ದು. ಲ್ಯಾಪ್‌ಟಾಪ್ ಹೊತ್ತು ತಿಪಟೂರಿಗೆ ಹೋಗಿ, ಕೊಬ್ಬರಿ ಚೀಲಗಳ ನಡುವೆ ಮೇಜಿನ ಮೇಲಿಟ್ಟು ತೋರಿಸಿದೆ. ಯಜಮಾನರು ಕನ್ನಡಕ ಸರಿ ಮಾಡಿಕೊಂಡು ಎರಡು ನಿಮಿಷ ನೋಡಿದರು. "ಎಲ್ಲಾ ಚೆನ್ನಾಗೈತೆ ಕಣಪ್ಪ. ಆದ್ರೆ 'ಉತ್ತಮ'ದ ತ ಒತ್ತು ಎಲ್ಲೋಯ್ತು?"

ಹೋಗಿತ್ತು. 'ಉತ್ತಮ ದರ್ಜೆಯ ಉಂಡೆ ಕೊಬ್ಬರಿ' ಅನ್ನುವ ತಲೆಬರಹದಲ್ಲಿ ಅಕ್ಷರದ ಕೆಳಗಿನ ಅರ್ಧ ಕತ್ತರಿಸಿ ಹೋಗಿತ್ತು. ಆ ಥೀಮಿನಲ್ಲಿ ತಲೆಬರಹದ ಸಾಲಿನ ಎತ್ತರ ಅಕ್ಷರದ ಅಳತೆಯ 1.1 ಪಟ್ಟು, ಡಬ್ಬದಿಂದ ಹೊರಚಾಚಿದ್ದನ್ನು ಮರೆಮಾಡುವ ಸೂಚನೆ ಬೇರೆ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಲಿಪಿ ಮೇಲೂ ಬೆಳೆಯುತ್ತದೆ, ಕೆಳಗೂ ಇಳಿಯುತ್ತದೆ: ಮೇಲೆ ಗುಡಿಸು, ಕೆಳಗೆ ಒತ್ತು. ನಾನೀಗ ಕಣ್ಣು ಮುಚ್ಚಿ 1.6 ಹಾಕುತ್ತೇನೆ, ಒತ್ತು ಜಾಸ್ತಿ ಇರುವ ಶೀರ್ಷಿಕೆಗೆ 1.7. ಜೊತೆಗೆ ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆ ಮಾಡುತ್ತೇನೆ. ಎಷ್ಟೋ ಥೀಮುಗಳು ಶೀರ್ಷಿಕೆಗೆ ಎರಡು ಪಿಕ್ಸೆಲ್ ಅಂತರ ಕೊಟ್ಟಿರುತ್ತವೆ, ಕನ್ನಡಕ್ಕೆ ಅದು ಹಲ್ಲು ಬಿದ್ದ ಬಾಯಿ ಥರ ಕಾಣುತ್ತದೆ. ಇನ್ನೊಂದು: ದಪ್ಪಕ್ಷರ ಇಲ್ಲದ ಫಾಂಟಿಗೆ ಬೋಲ್ಡ್ ಒತ್ತಿದರೆ ಬ್ರೌಸರೇ ಸುಳ್ಳು ದಪ್ಪ ಬಳಿದು ಒಳಗಿನ ಖಾಲಿ ಜಾಗ ಮುಚ್ಚಿಬಿಡುತ್ತದೆ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಇವಕ್ಕೆ ಹಲವು ತೂಕಗಳಿವೆ, ಪುಕ್ಕಟೆ. 'ಬಲೂ ತಮ್ಮ' ಅನ್ನುವ ಫಾಂಟು ಫಲಕಕ್ಕೆ ಚೆಂದ, ಉದ್ದ ಬರಹಕ್ಕೆ ಬೇಡ. ಪ್ರೆಸ್ಸಿನಲ್ಲಿ ಹತ್ತು ವರ್ಷ ಲೀಡಿಂಗ್ (ಸಾಲುಗಳ ನಡುವಿನ ಜಾಗ) ಕೊಟ್ಟವನು ನಾನು, ಸೈಟಿನಲ್ಲಿ ಅದನ್ನೇ ಮರೆತಿದ್ದೆ.

ಕನ್ನಡದ್ದೇ ಇನ್ನೊಂದು ತೊಡಕು ವಿಳಾಸದ್ದು. ವರ್ಡ್‌ಪ್ರೆಸ್‌ನಲ್ಲಿ ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆದರೆ ಪುಟದ ವಿಳಾಸವೂ ಕನ್ನಡದಲ್ಲೇ ಹುಟ್ಟುತ್ತದೆ. ನೋಡಲು ಖುಷಿ. ಅದನ್ನೇ ವಾಟ್ಸಾಪಿಗೆ ಕಾಪಿ ಮಾಡಿದರೆ ಶೇಕಡಾ ಚಿಹ್ನೆಗಳ ಮೆರವಣಿಗೆ. ಕನ್ನಡದ ಒಂದೊಂದು ಸಂಕೇತವೂ ಅಲ್ಲಿ ಒಂಬತ್ತು ಅಕ್ಷರ ತಿನ್ನುತ್ತದೆ, ವರ್ಡ್‌ಪ್ರೆಸ್ ವಿಳಾಸದ ಆ ಭಾಗಕ್ಕೆ ಇಟ್ಟಿರುವ ಜಾಗ 200. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ಅಂದರೆ ಇಪ್ಪತ್ತೆರಡು ಸಂಕೇತ ದಾಟುವಷ್ಟರಲ್ಲಿ ವಿಳಾಸ ತುಂಡಾಗುತ್ತದೆ. ಹಾಗಾಗಿ ಶೀರ್ಷಿಕೆ ಕನ್ನಡದಲ್ಲಿ, ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೈಯಾರೆ ಟೈಪ್ ಮಾಡುತ್ತೇನೆ. ಮನಸ್ಸಿಗೆ ಒಪ್ಪುವುದಿಲ್ಲ, ಆದರೂ.

ಇಷ್ಟಿದ್ದರೂ ವರ್ಡ್‌ಪ್ರೆಸ್ಸನ್ನು ಯಾಕೆ ಬಿಟ್ಟಿಲ್ಲ ಅಂದರೆ ಆ ಮಂಡಿಯ ರೈಟರಿಂದಾಗಿ. ಲೆಕ್ಕ ಬರೆಯುವವರು, ಅರವತ್ತರ ಆಸುಪಾಸು. ಹರಾಜಿನ ದಿನ ಸಂಜೆ ಫೋನು ತೆಗೆದು, ಲಾಗಿನ್ ಆಗಿ, 'ಇಂದಿನ ದರ' ಪುಟದಲ್ಲಿ ಹಳೇ ಅಂಕಿ ಅಳಿಸಿ ಹೊಸದು ಹಾಕಿ 'ಅಪ್‌ಡೇಟ್' ಒತ್ತುತ್ತಾರೆ. ಕಲಿಸಲು ನನಗೆ ಹಿಡಿದದ್ದು ಅರ್ಧ ಗಂಟೆ. 2018ರ ಡಿಸೆಂಬರಿನಲ್ಲಿ 5.0 ಆವೃತ್ತಿಯ ಜೊತೆ ಪುಟವನ್ನು ತುಂಡು ತುಂಡಾಗಿ ಜೋಡಿಸುವ ಬ್ಲಾಕ್ ಎಡಿಟರ್ ಬಂದಾಗ ನಾನು ಸಿಕ್ಕಾಪಟ್ಟೆ ಬೈದುಕೊಂಡು ಹಳೇ ಎಡಿಟರಿನ ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ಸೇರ್ಪಡೆ) ಹಾಕಿಕೊಂಡಿದ್ದೆ. ಅವರು ಮಾತ್ರ ಒಂದು ದಿನಕ್ಕೆ ಹೊಂದಿಕೊಂಡರು. ದರದ ಬ್ಲಾಕನ್ನು ಬಿಟ್ಟು ಉಳಿದ ಬ್ಲಾಕ್‌ಗಳಿಗೆ ನಾನು ಬೀಗ ಹಾಕಿಟ್ಟಿದ್ದೇನೆ, ಕೈತಪ್ಪಿ ಅಳಿಸುವ ಭಯವೂ ಇಲ್ಲ.

ಕೆಟ್ಟ ದಿನವೂ ಒಂದು ಬಂತು. ವರ್ಡ್‌ಪ್ರೆಸ್ ಓಡಲು ಬೇಕಾದ ಪಿಎಚ್‌ಪಿ ಭಾಷೆಯ 7.4 ಆವೃತ್ತಿಗೆ 2022ರ ನವೆಂಬರಿನಲ್ಲಿ ಭದ್ರತಾ ಬೆಂಬಲ ಮುಗಿದಿತ್ತು. ನಮ್ಮ ಹೋಸ್ಟಿಂಗ್‌ನವರು, ಹೆಸರು ಬೇಡ, ಕೆಲವು ತಿಂಗಳ ನಂತರ ಒಂದು ರಾತ್ರಿ ಹೇಳದೆ ಕೇಳದೆ 8ಕ್ಕೆ ಏರಿಸಿಬಿಟ್ಟರು. ಏರಿಸಿದ್ದು ಸರಿಯೇ, ಒಂದು ಮಾತು ಹೇಳಬಹುದಿತ್ತು. ನಾನು ಹಾಕಿದ್ದ ಚಿತ್ರಗಳನ್ನು ಸರಿಸಿ ತೋರಿಸುವ ಒಂದು ಸ್ಲೈಡರ್ ಪ್ಲಗಿನ್ ಮೂರು ವರ್ಷದಿಂದ ಅಪ್‌ಡೇಟ್ ಕಂಡಿರಲಿಲ್ಲ. ಬೆಳಿಗ್ಗೆ ನಾನು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ಕೂತಿದ್ದಾಗ ಮಂಡಿಯಿಂದ ಫೋನು: "ಸಾರ್, ನಮ್ ಸೈಟು ತೆಗುದ್ರೆ ಇಂಗ್ಲಿಷಲ್ಲಿ ಏನೋ ಒಂದೇ ಲೈನ್ ಬರ್ತೈತೆ." ಸೈಟಿನಲ್ಲಿ ಗಂಭೀರ ದೋಷವಾಗಿದೆ ಅನ್ನುವ ಸಾಲು. ಇಂಥ ಹೊತ್ತಿಗೆ ವರ್ಡ್‌ಪ್ರೆಸ್ ಅಡ್ಮಿನ್ ಇಮೇಲಿಗೆ ದುರಸ್ತಿ ಕೊಂಡಿ ಕಳಿಸುತ್ತದೆ. ಆ ಇಮೇಲು ಯಜಮಾನರ ಮಗನದು, ಅವನು ಅದನ್ನು ತೆರೆದು ಯಾವ ಕಾಲವಾಯಿತೋ. ಕೊನೆಗೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರಿಗೆ ಹೋಗಿ ಆ ಪ್ಲಗಿನ್ನಿನ ಫೋಲ್ಡರ್ ಹೆಸರು ಬದಲಿಸಿದೆ. ಹೆಸರು ಸಿಗದಿದ್ದರೆ ವರ್ಡ್‌ಪ್ರೆಸ್ ಅದನ್ನು ತಾನೇ ಬಂದ್ ಮಾಡುತ್ತದೆ. ಸೈಟು ಎದ್ದು ಕೂತಿತು, ಇಡ್ಲಿ ತಣ್ಣಗಾಯಿತು. ಅವತ್ತಿನಿಂದ ಒಂದು ಸೈಟಿಗೆ ಐದಾರು ಪ್ಲಗಿನ್ನಿಗಿಂತ ಹೆಚ್ಚು ಹಾಕುವುದಿಲ್ಲ, ಕೊನೇ ಅಪ್‌ಡೇಟ್ ಯಾವಾಗ ಆಗಿದೆ ಅಂತ ನೋಡದೆ ಒಂದನ್ನೂ ಮುಟ್ಟುವುದಿಲ್ಲ. ಬ್ಯಾಕಪ್ಪಿಗೆ ಅಪ್‌ಡ್ರಾಫ್ಟ್‌ಪ್ಲಸ್ಸಿನ ಉಚಿತ ಆವೃತ್ತಿ ಸಾಕಾಗಿದೆ. ವಾರಕ್ಕೊಮ್ಮೆ ಗೂಗಲ್ ಡ್ರೈವಿಗೆ ಪ್ರತಿ ಹೋಗುತ್ತದೆ.

ಮೌಸಿನಲ್ಲಿ ಎಳೆದು ಬಿಟ್ಟು ಪುಟ ಕಟ್ಟುವ ಪೇಜ್ ಬಿಲ್ಡರುಗಳ ಬಗ್ಗೆ ನನ್ನ ಅಭಿಪ್ರಾಯ ಒರಟು. ಗಿರಾಕಿಗೆ ತೋರಿಸುವ ದಿನ ಅದ್ಭುತ, ಬಿಡಿಸಿಕೊಳ್ಳುವ ದಿನ ಗೋಳು. ನಾನೊಂದು ಬಿಲ್ಡರಿನಲ್ಲಿ ನಾಲ್ಕು ಸೈಟು ಕಟ್ಟಿದ್ದೆ. ಪರವಾನಗಿ ದರ ಏರಿದ ವರ್ಷ ತೆಗೆದು ಹಾಕಲು ಹೋದರೆ ಪುಟದ ತುಂಬಾ ಚೌಕ ಆವರಣದ ಸಂಕೇತಗಳು, ನಡುನಡುವೆ ನನ್ನ ಕನ್ನಡ. ಒಂದೊಂದು ವಾಕ್ಯ ಹೆಕ್ಕಿ ತೆಗೆಯೋಕೆ ಒಂದು ವಾರ ಹೋಯಿತು. ಈಗ ವರ್ಡ್‌ಪ್ರೆಸ್‌ನ ಸ್ವಂತ ಬ್ಲಾಕ್‌ಗಳಲ್ಲೇ ಮುಗಿಸುತ್ತೇನೆ. 2022ರಲ್ಲಿ ಬಂದ 5.9ರಿಂದ ತಲೆಪಟ್ಟಿ, ಅಡಿಪಟ್ಟಿಯನ್ನೂ ಅದರಲ್ಲೇ ಮಾಡಬಹುದು.

ಸೈಟು ಕಟ್ಟುವುದೂ ಇಡುವುದೂ ಒಂದೇ ಕಡೆ ಇರುವ ವಿಕ್ಸ್ ಥರದ ಸೇವೆಗಳನ್ನು ಗೆಳೆಯರು ಮೆಚ್ಚುತ್ತಾರೆ, ಹೋಸ್ಟಿಂಗ್ ತಲೆನೋವಿಲ್ಲ. ನಿಜ. ಆದರೆ ಅಲ್ಲಿ ಕಟ್ಟಿದ ಸೈಟನ್ನು ಬೇರೆ ಹೋಸ್ಟಿಂಗ್‌ಗೆ ಎತ್ತಿಕೊಂಡು ಹೋಗಲು ಬರುವುದಿಲ್ಲ, ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಹಾಗೆ ಹೇಳಿದೆ. ನಮ್ಮ ಕಡೆ ಗುತ್ತಿಗೆ ತೋಟದಲ್ಲಿ ಯಾರೂ ತೆಂಗಿನ ಸಸಿ ಇಡುವುದಿಲ್ಲ. ಒಂದು ವರ್ಷದ ಕಾರ್ಯಕ್ರಮ, ಶಾಲೆಯ ಹಳೇ ವಿದ್ಯಾರ್ಥಿಗಳ ಸಮಾವೇಶ, ಇಂಥದ್ದಕ್ಕೆ ಗೂಗಲ್ ಸೈಟ್ಸೇ ಸಾಕು, ಪುಕ್ಕಟೆ ಬೇರೆ.

ವಿನ್ಯಾಸ ಮೊದಲು ಫಿಗ್ಮಾದಲ್ಲಿ ಮಾಡುತ್ತೇನೆ. ಬ್ರೌಸರಿನಲ್ಲೇ ನಡೆಯುವುದರಿಂದ ನನ್ನ ಹಳೇ ಲ್ಯಾಪ್‌ಟಾಪಿಗೂ ಸರಿ, ಗಿರಾಕಿಗೆ ಕೊಂಡಿ ಕಳಿಸಿದರೆ ಅವರ ಫೋನಿನಲ್ಲೇ ನೋಡುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಅಡೋಬಿ ಇದನ್ನು 20 ಶತಕೋಟಿ ಡಾಲರಿಗೆ ಕೊಳ್ಳುತ್ತೇನೆ ಅಂದಾಗ ಎದೆ ಧಸಕ್ಕೆಂದಿತ್ತು. 2023ರ ಡಿಸೆಂಬರಿನಲ್ಲಿ ಆ ವ್ಯವಹಾರ ಮುರಿದುಬಿತ್ತು. ಲೋಗೋಗೆ ಇಂಕ್‌ಸ್ಕೇಪ್. ಕೋರೆಲ್‌ಡ್ರಾ ರೂಢಿ ಇದ್ದವರಿಗೆ ಒಂದು ತಿಂಗಳು ಕೈ ತಡವರಿಸುತ್ತದೆ, ಅಷ್ಟೇ.

ಕೋಡ್ ಬರೆಯಲು ವಿಎಸ್ ಕೋಡ್. ಅದಕ್ಕೂ ಮುಂಚೆ ಬ್ರಾಕೆಟ್ಸ್, ಆಮೇಲೆ ಆಟಮ್ ಬಳಸಿದೆ. ಮೊದಲನೆಯದಕ್ಕೆ 2021ರ ಸೆಪ್ಟೆಂಬರಿನಲ್ಲಿ ಅಡೋಬಿಯ ಬೆಂಬಲ ನಿಂತಿತು, ಎರಡನೆಯದು 2022ರ ಡಿಸೆಂಬರಿನಲ್ಲಿ ಮುಚ್ಚಿತು. ನನಗೆ ನಯಾಪೈಸೆ ನಷ್ಟವಾಗಲಿಲ್ಲ. ಎಚ್‌ಟಿಎಮ್‌ಎಲ್ ಫೈಲು ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಆಗ ತಲೆಗೆ ಹೊಳೆದದ್ದು ಇದು: ದಿನಾ ಬದಲಾಗದ ಸೈಟಿಗೆ ವರ್ಡ್‌ಪ್ರೆಸ್ ಯಾಕೆ? ಬಿ.ಎಚ್. ರಸ್ತೆಯ ಕಲ್ಯಾಣ ಮಂಟಪಕ್ಕೆ ಬೇಕಿರುವುದು ನಾಲ್ಕು ಫೋಟೋ, ಒಂದು ಮ್ಯಾಪು, ಒಂದು ಫೋನ್ ನಂಬರು. ಅಂಥವನ್ನು ಈಗ ಕೈಯಲ್ಲೇ ಬರೆದು ಸಿದ್ಧ ಪುಟಗಳನ್ನು ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್ ಅಥವಾ ಅಂಥದ್ದೇ ಕಡೆ ಇಡುತ್ತೇನೆ. ಡೇಟಾಬೇಸ್ ಇಲ್ಲ, ಅಪ್‌ಡೇಟ್ ಇಲ್ಲ, ಯಾರೋ ಕನ್ನ ಹಾಕುವ ಬಾಗಿಲೂ ಇಲ್ಲ. ಫೋಟೋ ಮಾತ್ರ ವೆಬ್‌ಪಿ (ಹಗುರ ಚಿತ್ರದ ಫಾರ್ಮ್ಯಾಟ್) ಮಾಡಿ ಹಾಕಿ. ಛಾಯಾಗ್ರಾಹಕರು ಕೊಟ್ಟ ಎಂಟು ಎಂಬಿ ಚಿತ್ರವನ್ನು ಹಾಗೇ ತುರುಕಿದರೆ ಯಾವ ತಂತ್ರಾಂಶವೂ ಕಾಪಾಡಲ್ಲ.

ಹೋಸ್ಟಿಂಗ್ ಕೊಳ್ಳುವಾಗ ಮೊದಲ ವರ್ಷದ ಬೆಲೆ ನೋಡಬೇಡಿ, ನವೀಕರಣದ ಬೆಲೆ ನೋಡಿ, ಅದರ ಮೇಲೆ 18% ಜಿಎಸ್‌ಟಿ ಸೇರಿಸಿ. ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು ಕೇಳಿದರೆ ಎದ್ದು ಬನ್ನಿ, ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಉಚಿತವಾಗಿ ಸಿಗುತ್ತದೆ. ಡೊಮೇನನ್ನು ಗಿರಾಕಿಯ ಹೆಸರಿನಲ್ಲೇ, ಅವರದೇ ಇಮೇಲಿನಲ್ಲಿ ಕೊಡಿಸಿ. ಬೇರೆಯವರ ಹತ್ತಿರ ಮಾಡಿಸಿಕೊಂಡು, ಅವರು ಫೋನು ತೆಗೆಯದೆ, ಡೊಮೇನ್ ಹೆಸರು ಕಳೆದುಕೊಂಡು ನನ್ನ ಹತ್ತಿರ ಬಂದವರು ಇಬ್ಬರಿದ್ದಾರೆ.

ಹೊಸ ಗಿರಾಕಿ ಬಂದಾಗ ನಾನೀಗ ಕೇಳುವ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಬಜೆಟ್ಟಿನದ್ದೂ ಅಲ್ಲ. "ನಾನು ಮಾಡಿಕೊಟ್ಟು ಹೋದ ಮೇಲೆ ಇದನ್ನ ಮುಟ್ಟೋರು ಯಾರು?" ಹೆಸರು ಹೇಳಿದರೆ ವರ್ಡ್‌ಪ್ರೆಸ್. "ನೋಡಣ ಬಿಡಿ" ಅಂದರೆ ಎಚ್‌ಟಿಎಮ್‌ಎಲ್.

ಈ ಭಾನುವಾರ ಗುಬ್ಬಿಯ ಒಂದು ನರ್ಸರಿಯ ಸೈಟನ್ನು ವರ್ಡ್‌ಪ್ರೆಸ್‌ನಿಂದ ಎಚ್‌ಟಿಎಮ್‌ಎಲ್‌ಗೆ ಇಳಿಸುವ ಕೆಲಸ ಇದೆ. ಮೂರು ವರ್ಷದಲ್ಲಿ ಅದರಲ್ಲಿ ಒಂದಕ್ಷರ ಬದಲಾಗಿಲ್ಲ. ಪಾಸ್‌ವರ್ಡ್ ಕೇಳಿದರೆ ಅವರು "ನಿಮ್ಮತ್ರನೇ ಇರ್ಬೇಕಲ್ಲಣ್ಣ" ಅಂದರು. ಇತ್ತು.