ಪಿಡಿಎಫ್ ತೆರೆಯಲು ಅಡೋಬ್ ರೀಡರ್, ಬ್ರೌಸರ್, ಸುಮಾತ್ರಾ: ಯಾರಿಗೆ ಯಾವುದು?

ಸುಮಾತ್ರಾ ಅಂದರೆ ಪಿಡಿಎಫ್ ಓದುವ ಒಂದು ಪುಟ್ಟ ಸಾಫ್ಟ್‌ವೇರ್. ಮೂರೂ ಉಚಿತ. ಹಾಗಾಗಿ ಬೆಲೆಯ ಮಾತು ಬಿಟ್ಟು ಸುರಕ್ಷತೆ ನೋಡೋಣ.

ಪಿಡಿಎಫ್ ಒಳಗೆ ಜಾವಾಸ್ಕ್ರಿಪ್ಟ್, ಅಂದರೆ ಫೈಲ್ ತೆರೆದಾಗ ಓಡಬಲ್ಲ ಪ್ರೋಗ್ರಾಂ ಕೋಡ್, ಕೂಡ ಇರಬಹುದು. ಅಡೋಬ್ ರೀಡರ್ ಮೇಲೆ ನಡೆದ ಹಲವು ದಾಳಿಗಳು ಈ ದಾರಿಯಲ್ಲೇ ಬಂದವು. 2010ರ ರೀಡರ್ ಎಕ್ಸ್‌ನಿಂದ ವಿಂಡೋಸ್‌ನಲ್ಲಿ ‘ಪ್ರೊಟೆಕ್ಟೆಡ್ ಮೋಡ್’ ಬಂತು. ಕೆಟ್ಟ ಫೈಲ್ ತೆರೆದರೂ ಅದನ್ನು ಒಂದು ಬೇಲಿಯೊಳಗೆ ಕಟ್ಟಿಹಾಕುವುದು ಇದರ ಕೆಲಸ. ಅದನ್ನು ಆಫ್ ಮಾಡಲೇಬೇಡಿ. ಪ್ರಿಫರೆನ್ಸಸ್‌ಗೆ ಹೋಗಿ ಜಾವಾಸ್ಕ್ರಿಪ್ಟ್ ನಿಲ್ಲಿಸಿ; ಬಹಳಷ್ಟು ಜನರಿಗೆ ಅದು ಬೇಕಾಗುವುದೇ ಇಲ್ಲ.

ಕ್ರೋಮ್, ಫೈರ್‌ಫಾಕ್ಸ್‌ನಲ್ಲೂ ಇಂಥ ಬೇಲಿ ಇದೆ. ತಪ್ಪೇ ಇಲ್ಲ ಅಂತಲ್ಲ: 2024ರಲ್ಲಿ ಫೈರ್‌ಫಾಕ್ಸ್‌ನ ಪಿಡಿಎಫ್ ಭಾಗದಲ್ಲೇ ದೊಡ್ಡ ದೋಷ ಸಿಕ್ಕಿತು. ಆದರೆ ಅಪ್‌ಡೇಟ್ ತಾನಾಗಿಯೇ ಬರುತ್ತದೆ, ನೀವು ಬ್ರೌಸರ್ ಮುಚ್ಚಿ ತೆರೆದರೆ ಸಾಕು.

ಸುಮಾತ್ರಾ ಹಗುರ, ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ವಿಂಡೋಸ್‌ಗೆ ಮಾತ್ರ.

ಡಿಜಿಟಲ್ ಸಹಿ ಪರಿಶೀಲಿಸಬೇಕಾ? ಇ-ಆಧಾರ್ ಥರದ ಫೈಲ್‌ಗೆ ಅಡೋಬ್ ಬೇಕು. ಬಿಲ್ಲು, ಟಿಕೆಟ್ ಓದುವವರಿಗೆ ಬ್ರೌಸರ್ ಸಾಕು, ಅಲ್ವಾ? ಹಳೆಯ, ನಿಧಾನದ ಲ್ಯಾಪ್‌ಟಾಪ್‌ನಲ್ಲಿ ದಪ್ಪ ಪುಸ್ತಕ ಓದುವವರು ಸುಮಾತ್ರಾ ಹಾಕಿಕೊಳ್ಳಲಿ. ಬಳಸದ ರೀಡರ್ ಇದ್ದರೆ ಇವತ್ತೇ ತೆಗೆದುಹಾಕಿ.