ಕಾಂಬೋಡಿಯಾ ಫ್ಯಾಮಿಲಿ ಪ್ಯಾಕೇಜ್: ಗೈಡ್‌ಗೆ ಐದು ಸ್ಟಾರ್, ಷೆಡ್ಯೂಲ್‌ಗೆ ಎರಡೇ

ಮೊದಲೇ ಹೇಳಿಬಿಡುತ್ತೇನೆ. ಕಾಂಬೋಡಿಯಾ ದೇಶಕ್ಕೆ ಐದಕ್ಕೆ ಐದು. ನಾವು ತಗೊಂಡ ಪ್ಯಾಕೇಜ್‌ಗೆ ಮೂರು, ಅದೂ ಅಲ್ಲಿನ ಗೈಡ್ ಮತ್ತು ಡ್ರೈವರ್ ಪುಣ್ಯದಿಂದ.

ಬುಕ್ ಮಾಡಿದ್ದು ಜಯನಗರದ ಒಂದು ಟ್ರಾವೆಲ್ಸ್‌ನಲ್ಲಿ. ಹೆಸರು ಹಾಕುವುದಿಲ್ಲ, ಯಾಕೆಂದರೆ ಬೇರೆ ಕಡೆ ವಿಚಾರಿಸಿದಾಗಲೂ ಕೈಗಿಟ್ಟ ಪಟ್ಟಿ ಹೆಚ್ಚು ಕಮ್ಮಿ ಇದೇ ಆಗಿತ್ತು. ದಸರಾ ರಜೆ. ಅತ್ತೆ, ನಮ್ಮ ಮನೆಯವರು, ಹೈಸ್ಕೂಲಿನ ಮಗ, ಐದನೇ ಕ್ಲಾಸಿನ ಮಗಳು, ನಾನು. ವಿಮಾನ, ಹೋಟೆಲ್, ವ್ಯಾನ್, ಗೈಡ್, ಬೆಳಗಿನ ತಿಂಡಿ, ರಾತ್ರಿ ‘ಇಂಡಿಯನ್ ಡಿನ್ನರ್’ ಎಲ್ಲ ಸೇರಿ ತಲೆಗೆ ಒಂದು ಲಕ್ಷ ದಾಟಿತು. ಹೋಟೆಲ್ ಚೆನ್ನಾಗಿತ್ತು, ವ್ಯಾನ್ ಚೆನ್ನಾಗಿತ್ತು, ಅದರ ಬಗ್ಗೆ ಏನೂ ತಕರಾರಿಲ್ಲ.

ತಕರಾರು ಇರುವುದು ಷೆಡ್ಯೂಲ್ ಮೇಲೆ. ಅಂಗ್ಕೋರ್ ದೇವಸ್ಥಾನಗಳ ಪಕ್ಕದ ಊರು ಸಿಯೆಮ್ ರೀಪ್‌ನಲ್ಲಿ ಒಂದೇ ದಿನಕ್ಕೆ ಏನೇನು ತುರುಕಿದ್ದರು ಗೊತ್ತಾ? ಬೆಳಗಿನ ಜಾವ ಅಂಗ್ಕೋರ್ ವಾಟ್ ಸೂರ್ಯೋದಯ, ಆಮೇಲೆ ಅಂಗ್ಕೋರ್ ಥೋಮ್, ಬಯೋನ್, ತಾ ಪ್ರೋಮ್, ಊಟ ಆದಮೇಲೆ ಬಾಂತೆಯ್ ಸ್ರೇ, ವಾಪಸ್ ಬರುತ್ತಾ ಒಂದು ‘ಹ್ಯಾಂಡಿಕ್ರಾಫ್ಟ್ ಸೆಂಟರ್’, ರಾತ್ರಿ ಅಪ್ಸರಾ ನೃತ್ಯ. ಮೊಣಕಾಲು ನೋವಿರುವ ಎಪ್ಪತ್ತರ ಅತ್ತೆಯನ್ನು ಕರೆದುಕೊಂಡು! ಯಾಕೆ ಹೀಗೆ ಅಂತ ನಮಗೆ ಅರ್ಥವಾಗಿದ್ದು ಟಿಕೆಟ್ ದರ ನೋಡಿದಾಗ. ಅಂಗ್ಕೋರ್ ದೇವಸ್ಥಾನಗಳಿಗೆಲ್ಲ ಸೇರಿ ಒಂದೇ ಪಾಸ್. ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62. ಎಲ್ಲವನ್ನೂ ಒಂದೇ ದಿನಕ್ಕೆ ಹಾಕಿದರೆ ತಲೆಗೆ 25 ಡಾಲರ್ ಉಳಿಯುತ್ತದೆ, ಅಷ್ಟೇ ಕತೆ. ಲಕ್ಷ ರೂಪಾಯಿ ತಗೊಂಡು ಇಲ್ಲಿ ಉಳಿತಾಯ ಮಾಡುತ್ತಾರೆ!

ನಮ್ಮನ್ನು ಕಾಪಾಡಿದ್ದು ಗೈಡ್. ಅಲ್ಲಿಯವನೇ ಆದ ಖ್ಮೇರ್ ಹುಡುಗ, ಮೂವತ್ತರ ಆಸುಪಾಸು, ಲೈಸೆನ್ಸ್ ಇರುವವನು. ಏರ್‌ಪೋರ್ಟ್‌ನಿಂದ ಬರುವಾಗ ಪಟ್ಟಿ ನೋಡಿದ, ಅತ್ತೆ ಮುಖ ನೋಡಿದ, ಆಮೇಲೆ ನಿಧಾನಕ್ಕೆ ನಮ್ಮ ಮನೆಯವರ ಹತ್ತಿರ, ಸಾರ್, ಮೂರು ದಿನದ ಪಾಸ್ ತಗೊಂಡುಬಿಡಿ, ವ್ಯತ್ಯಾಸದ ದುಡ್ಡು ನೀವೇ ಕೊಡಿ, ಉಳಿದದ್ದು ನನಗೆ ಬಿಡಿ ಅಂದ. ಆ ಪಾಸನ್ನು ಬಿಡದೆ ಮೂರು ದಿನ ಬಳಸಬೇಕು ಅಂತೇನಿಲ್ಲ, ಹತ್ತು ದಿನದೊಳಗೆ ಯಾವುದಾದರೂ ಮೂರು ದಿನ ನಡೆಯುತ್ತದೆ. ಕೌಂಟರ್‌ನಲ್ಲಿ ಪ್ರತಿಯೊಬ್ಬರ ಫೋಟೋ ತೆಗೆದು ಪಾಸ್ ಮೇಲೆ ಅಚ್ಚು ಹಾಕಿ ಕೊಡುತ್ತಾರೆ. ಪ್ರತಿ ದೇವಸ್ಥಾನದ ಬಾಗಿಲಲ್ಲೂ ಅದನ್ನು ನೋಡುತ್ತಾರೆ, ಕಳೆದುಕೊಳ್ಳಬೇಡಿ.

ಇನ್ನೊಂದು ವಿಷಯ, ಮಕ್ಕಳಿರುವವರು ಗಮನಿಸಿ. 12 ವರ್ಷದೊಳಗಿನವರಿಗೆ ಅಂಗ್ಕೋರ್ ಪಾಸ್ ಬೇಕಿಲ್ಲ, ಪಾಸ್‌ಪೋರ್ಟ್ ತೋರಿಸಿದರೆ ಸಾಕು. ನಮ್ಮ ಪ್ಯಾಕೇಜ್ ಬಿಲ್‌ನಲ್ಲಿ ಮಗಳ ಹೆಸರಲ್ಲೂ ‘ಎಂಟ್ರಿ ಟಿಕೆಟ್’ ಇತ್ತು! ವಾಪಸ್ ಬಂದಮೇಲೆ ಕೇಳಿದರೆ ಮೊದಲು ‘ಅದು ಗ್ರೂಪ್ ರೇಟ್ ಮೇಡಂ’ ಅಂದರು, ಯಾವ ಗ್ರೂಪ್, ಹೋಗಿದ್ದು ನಾವೇ ಅಲ್ವಾ ಅಂದಮೇಲೆ ದುಡ್ಡು ವಾಪಸ್ ಹಾಕಿದರು. ನೀವು ಬಿಲ್ ಕೊಡುವಾಗಲೇ ಸಾಲು ಸಾಲಾಗಿ ಓದಿ.

ಸೂರ್ಯೋದಯದ ಬಗ್ಗೆ ಹೇಳಬೇಕೆಂದರೆ, ಅಕ್ಟೋಬರ್‌ನಲ್ಲಿ ಮಳೆಗಾಲ ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಎಡಗಡೆಯ ಕೊಳದ ದಂಡೆ ಮೇಲೆ ಕತ್ತಲಲ್ಲಿ ನೂರಾರು ಜನ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು, ಸೂರ್ಯ ಮೋಡದ ಹಿಂದಿಂದ ಬರಲೇ ಇಲ್ಲ. ಫೋಟೋ ಹುಚ್ಚಿನವರು ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಆದರೆ ಅಲ್ಲಿ ಗೈಡ್ ಮಾಡಿದ ಉಪಾಯ ನೋಡಿ. ಬೆಳಕಾಗುತ್ತಿದ್ದ ಹಾಗೆ ಎಲ್ಲರೂ ತಿಂಡಿಗೆ ಹೋಟೆಲ್ ಕಡೆ ಓಡಿದರು, ನಮ್ಮನ್ನು ಅವನು ಒಳಗೆ ಕರೆದುಕೊಂಡು ಹೋದ. ಹೋಟೆಲ್‌ನವರು ಕಟ್ಟಿಕೊಟ್ಟಿದ್ದ ಬ್ರೆಡ್ಡು ಬಾಳೆಹಣ್ಣು ನಮ್ಮ ಹತ್ತಿರ ಇತ್ತು. ಪೂರ್ವದ ಗ್ಯಾಲರಿಯಲ್ಲಿ ಹೆಚ್ಚು ಕಮ್ಮಿ ನಾವೇ.

ಆ ಗೋಡೆಯಲ್ಲಿ ಸಮುದ್ರ ಮಥನ ಇದೆ. ಸುಮಾರು 49 ಮೀಟರ್ ಉದ್ದ, ಒಂದೇ ಚಿತ್ರ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಅವನ ಕೆಳಗೆ ಆಮೆ, ಎಲ್ಲರ ಕೈಯಲ್ಲೂ ವಾಸುಕಿ. ಕತೆ ಗೊತ್ತಿಲ್ಲದ ಬೇರೆ ಟೂರಿಸ್ಟ್‌ಗಳಿಗೆ ಗೈಡ್‌ಗಳು ಮೊದಲಿಂದ ಹೇಳಬೇಕು. ನಮ್ಮನೆಯಲ್ಲಿ ಅತ್ತೆಯೇ ಶುರು ಮಾಡಿದರು, ‘ಏ ಪುಟ್ಟಿ, ದುಂಡು ಕಣ್ಣು ಇರೋರು ಅಸುರರು ನೋಡು, ತಲೆ ಕಡೆ ಹಿಡ್ಕೊಂಡಿದಾರೆ’ ಅಂತ. ಗೈಡ್ ಸುಮ್ನೆ ಕೈಕಟ್ಟಿ ನಿಂತು ಕೇಳಿದ. ಅವನು ತೋರಿಸಿದ್ದು ನಮಗೆ ಗೊತ್ತಿಲ್ಲದ್ದನ್ನು ಮಾತ್ರ. ಕೆಳಗಡೆ ಸಮುದ್ರದಲ್ಲಿ ಮೀನು, ಮೊಸಳೆ ಎಲ್ಲ ಕೆತ್ತಿದ್ದಾರೆ, ಅದರಲ್ಲಿ ಅಂಚಿನ ಕಡೆ ಇರುವ ಮೀನುಗಳು ಇಡಿಯಾಗಿವೆ, ಕಡೆಯುವ ಬೆಟ್ಟದ ಹತ್ತಿರ ಹತ್ತಿರ ಬಂದ ಹಾಗೆ ಮೀನುಗಳು ತುಂಡು ತುಂಡಾಗಿವೆ. ನೀರಿನ ಸೆಳೆತಕ್ಕೆ ಸಿಕ್ಕಿ ಕತ್ತರಿಸಿ ಹೋಗಿವೆ! ಮಗ ಅಲ್ಲಿಂದ ಕದಲಲಿಲ್ಲ. ಟ್ರಾವೆಲ್ಸ್‌ನವರ ಪಟ್ಟಿ ಪ್ರಕಾರ ಇಡೀ ಅಂಗ್ಕೋರ್ ವಾಟ್‌ಗೆ ಒಂದೂವರೆ ಗಂಟೆ, ನಾವು ಈ ಗೋಡೆ ಮತ್ತು ಪಡುವಣ ಗ್ಯಾಲರಿಯ ಕುರುಕ್ಷೇತ್ರ, ಶರಶಯ್ಯೆಯ ಭೀಷ್ಮ, ಲಂಕಾ ಯುದ್ಧ ನೋಡುವುದರಲ್ಲೇ ಅದನ್ನು ದಾಟಿಬಿಟ್ಟೆವು.

ಇದನ್ನು ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ಬೇಲೂರಿನ ಚೆನ್ನಕೇಶವ 1117. ಅಂದರೆ ಇವನೂ ವಿಷ್ಣುವರ್ಧನನೂ ಒಂದೇ ಕಾಲದವರು, ಇಬ್ಬರೂ ವಿಷ್ಣುವಿಗೇ ಕಟ್ಟಿಸಿದರು, ಒಬ್ಬರಿಗೊಬ್ಬರು ಗೊತ್ತಿದ್ದರೋ ಇಲ್ಲವೋ! ನಮ್ಮ ಮನೆಯವರು ಇದನ್ನು ಆಮೇಲೆ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಅಂಗ್ಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದೆ. ಹೊರ ಬಾಗಿಲಲ್ಲಿ ಎಂಟು ಕೈಯ ದೊಡ್ಡ ವಿಷ್ಣು ವಿಗ್ರಹ ಇದೆ, ಅಲ್ಲಿಯ ಜನ ‘ತಾ ರೀಚ್’ ಅನ್ನುತ್ತಾರೆ. ಹಳದಿ ಬಟ್ಟೆ ಉಡಿಸಿ, ಊದುಬತ್ತಿ ಹಚ್ಚಿ, ಹೂ ಇಟ್ಟು ಈಗಲೂ ಪೂಜೆ ನಡೆಯುತ್ತದೆ, ಮಾಡುವವರು ಬೌದ್ಧರು. ಅತ್ತೆ ಚಪ್ಪಲಿ ಬಿಟ್ಟು ನಮಸ್ಕಾರ ಹಾಕಿ ಒಂದು ಡಾಲರ್ ಹುಂಡಿಗೆ ಹಾಕಿದರು. ಒಳಗಿನ ಮೇಲಿನ ಅಂತಸ್ತು, ಅದಕ್ಕೆ ಬಾಕನ್ ಅಂತಾರೆ, ಮೆಟ್ಟಿಲು ಬಹಳ ಕಡಿದು. 12 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇಲ್ಲದಿದ್ದರೆ ದೊಡ್ಡವರನ್ನೂ ಬಿಡುವುದಿಲ್ಲ, ಬೌದ್ಧರ ಹಬ್ಬದ ದಿನಗಳಲ್ಲಿ ಮುಚ್ಚಿರುತ್ತದೆ. ಇದನ್ನು ಪ್ಯಾಕೇಜ್‌ನವರು ಹೇಳಲೇ ಇಲ್ಲ. ಮಗಳು ಕೆಳಗೆ ಅಜ್ಜಿ ಜೊತೆ ಮುಖ ಊದಿಸಿಕೊಂಡು ಕೂತಿದ್ದಳು.

ಬಯೋನ್ ಪರವಾಗಿಲ್ಲ ಅಂದರೆ ಬೈಯಬೇಡಿ, ಕಲ್ಲಿನ ಮುಖಗಳು ಭವ್ಯವೇ, ಆದರೆ ನಾವು ಹೋದ ಹೊತ್ತಿಗೆ ಬಸ್ಸುಗಟ್ಟಲೆ ಜನ. ತಾ ಪ್ರೋಮ್‌ನಲ್ಲಿ ಗೋಡೆ ಮೇಲೆ ಬೇರು ಇಳಿಬಿಟ್ಟ ಮರಗಳು ಮಕ್ಕಳಿಗೆ ಇಷ್ಟವಾದವು. ಏಳನೇ ಜಯವರ್ಮ 1186ರಲ್ಲಿ ತನ್ನ ತಾಯಿ ಹೆಸರಲ್ಲಿ ಕಟ್ಟಿಸಿದ್ದು, ಅಲ್ಲಿಯ ದುರಸ್ತಿಯಲ್ಲಿ ನಮ್ಮ ಭಾರತದ ಪುರಾತತ್ವ ಇಲಾಖೆ ವರ್ಷಗಟ್ಟಲೆ ಕೆಲಸ ಮಾಡಿದೆ.

ನನ್ನ ಕೇಳಿದರೆ ಎಲ್ಲಕ್ಕಿಂತ ಮೇಲು ಬಾಂತೆಯ್ ಸ್ರೇ. ಪಟ್ಟಿಯಲ್ಲಿ ಇದು ಮಧ್ಯಾಹ್ನದ ಬಿಸಿಲಲ್ಲಿ ‘ಅರ್ಧ ಗಂಟೆ’, ನಾವು ಬೇರೆ ದಿನ ಬೆಳಿಗ್ಗೆ ಬೇಗ ಹೋದೆವು. ಕ್ರಿ.ಶ. 967ರ ಶಿವನ ಗುಡಿ, ರಾಜ ಕಟ್ಟಿಸಿದ್ದಲ್ಲ, ಯಜ್ಞವರಾಹ ಅನ್ನುವ ಅರಮನೆಯ ಪಂಡಿತ ಕಟ್ಟಿಸಿದ್ದು. ಚಿಕ್ಕದು. ಕೆಂಪು ಮರಳುಗಲ್ಲು, ಕೆತ್ತನೆ ಎಷ್ಟು ಸಣ್ಣದೆಂದರೆ ಹಳೇಬೀಡು ನೋಡಿದವರೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ರಾವಣ ಕೈಲಾಸ ಅಲ್ಲಾಡಿಸುತ್ತಿದ್ದಾನೆ, ಮೇಲೆ ಪಾರ್ವತಿ ಹೆದರಿ ಶಿವನನ್ನು ಹಿಡಿದುಕೊಂಡಿದ್ದಾಳೆ. ಇನ್ನೊಂದರಲ್ಲಿ ಖಾಂಡವ ವನ ದಹನ. ಇಂದ್ರ ಐರಾವತದ ಮೇಲೆ ಕೂತು ಮಳೆ ಸುರಿಸುತ್ತಿದ್ದಾನೆ, ಮಳೆ ಅಂದರೆ ಕಲ್ಲಿನ ಮೇಲೆ ಓರೆ ಓರೆ ಗೆರೆಗಳು, ಕೆಳಗೆ ಕೃಷ್ಣಾರ್ಜುನರ ಬಾಣಗಳು ಚಪ್ಪರದ ಹಾಗೆ ಅದನ್ನು ತಡೆದಿವೆ, ಕಾಡಿನ ಪ್ರಾಣಿಗಳು ದಿಕ್ಕಾಪಾಲು. ಹರಿಕಥೆ, ಯಕ್ಷಗಾನ ಕೇಳಿಕೊಂಡು ಬೆಳೆದವರು ಫಲಕ ಓದದೆಯೇ ಗುರುತು ಹಿಡಿಯುತ್ತಾರೆ. ಇದಕ್ಕೇ ನಾನು ಹೇಳುವುದು, ನಮ್ಮ ಕಡೆಯ ಜನಕ್ಕೆ ದೇವಸ್ಥಾನದ ಸಂಖ್ಯೆ ಜಾಸ್ತಿ ಮಾಡಬೇಡಿ, ಗೋಡೆ ಮುಂದೆ ನಿಲ್ಲಲು ಟೈಮ್ ಕೊಡಿ.

ಆ ದಾರಿಯಲ್ಲಿ ಪ್ರೆಯಾ ಡಾಕ್ ಅಂತ ಒಂದು ಹಳ್ಳಿ. ರಸ್ತೆ ಬದಿಯಲ್ಲೇ ಒಲೆ ಹೂಡಿ ದೊಡ್ಡ ಬಾಣಲೆಯಲ್ಲಿ ತಾಳೆ ಬೆಲ್ಲ ಕಾಯಿಸುತ್ತಾರೆ. ಅತ್ತೆ ವ್ಯಾನಿಂದ ಇಳಿದು ಸೀದಾ ಒಲೆ ಹತ್ತಿರ ಹೋಗಿ, ಆ ಹೆಂಗಸು ಸೌಟಿನಿಂದ ಪಾಕ ಎತ್ತಿ ಬಿಡುವುದನ್ನು ನೋಡಿ, ‘ಇನ್ನೂ ಒಂದು ಕುದಿ ಬೇಕು’ ಅಂತ ಕನ್ನಡದಲ್ಲೇ ಹೇಳಿದರು. ಅವಳು ಖ್ಮೇರ್‌ನಲ್ಲಿ ಏನೋ ಅಂದು ನಕ್ಕಳು. ಎಲೆಯಲ್ಲಿ ಸುತ್ತಿದ ಬೆಲ್ಲದ ಬಿಲ್ಲೆಗಳನ್ನು ಅಲ್ಲಿ ಎಷ್ಟು ಕೊಂಡೆವೋ ದೇವರಿಗೇ ಗೊತ್ತು. ಪ್ಯಾಕೇಜ್‌ನ ಹ್ಯಾಂಡಿಕ್ರಾಫ್ಟ್ ಸೆಂಟರ್‌ನಲ್ಲಿ ಒಂದು ಪೈಸೆ ಬಿಚ್ಚಲಿಲ್ಲ.

ಊಟದ ವಿಷಯ. ‘ಇಂಡಿಯನ್ ಡಿನ್ನರ್’ ಅಂದರೆ ದಿನಾ ಒಂದೇ ರೆಸ್ಟೋರೆಂಟು, ದಿನಾ ಪನೀರ್ ಬಟರ್ ಮಸಾಲ, ತಣ್ಣಗಿನ ರೋಟಿ. ಎರಡನೇ ರಾತ್ರಿಗೇ ಬೇಸರ ಬಂತು. ನಾವು ಸಸ್ಯಾಹಾರಿಗಳು, ಅಲ್ಲಿಯ ಅಡುಗೆಯಲ್ಲಿ ಮೀನಿನ ಸಾಸ್ ಎಲ್ಲಿ ಸೇರಿರುತ್ತದೋ ಹೇಳಲಾಗದು, ಬರೀ ಸೊಪ್ಪಿನ ಪಲ್ಯದಲ್ಲೂ ಆಯಿಸ್ಟರ್ ಸಾಸ್ ಇರಬಹುದು. ಆದರೂ ಗೈಡ್ ಒಂದು ಸಸ್ಯಾಹಾರಿ ಹೋಟೆಲ್‌ಗೆ ಕರೆದುಕೊಂಡು ಹೋದ, ಅಲ್ಲಿ ತರಕಾರಿ ಅಮೋಕ್ ತಿಂದೆವು. ತೆಂಗಿನ ಹಾಲು, ಲೆಮನ್‌ಗ್ರಾಸ್, ಅರಿಶಿನ ಅರೆದ ಮಸಾಲೆ, ಬಾಳೆ ಎಲೆ ದೊನ್ನೆಯಲ್ಲಿ ಹಬೆ ಬರುತ್ತಾ ತಂದಿಟ್ಟರು. ಅನ್ನದ ಜೊತೆ ಕಲಸಿಕೊಂಡು ತಿಂದರೆ ನಮ್ಮ ಬಾಯಿಗೆ ಯಾವ ಕಷ್ಟವೂ ಇಲ್ಲ. ಪ್ಯಾಕೇಜ್‌ನಲ್ಲಿ ರಾತ್ರಿ ಊಟ ತೆಗೆಸಿಬಿಡಿ, ಬೆಲೆ ಇಳಿಸಲು ಕೇಳಿ. ಅತ್ತೆ ಹಾಗಿರುವವರಿಗೆ ಅವಲಕ್ಕಿ, ಚಟ್ನಿಪುಡಿ ಹೇಗೂ ಬ್ಯಾಗಲ್ಲಿರುತ್ತದೆ.

ಪಟ್ಟಿಯಲ್ಲಿ ಇಲ್ಲದ ಒಂದನ್ನು ಮಕ್ಕಳಿಗಾಗಿ ಸೇರಿಸಿಕೊಂಡೆವು, ನೆಲಬಾಂಬ್ ಪತ್ತೆ ಮಾಡುವ ಇಲಿಗಳ ಕೇಂದ್ರ. ಅಪೋಪೊ ಅನ್ನುವ ಸಂಸ್ಥೆಯದು. ಆಫ್ರಿಕಾದ ದೊಡ್ಡ ಇಲಿಗಳು, ಬಾಂಬ್ ಮೇಲೆ ನಡೆದರೂ ಸಿಡಿಯದಷ್ಟು ಹಗುರ, ವಾಸನೆ ಹಿಡಿದು ನೆಲ ಕೆರೆಯುತ್ತವೆ. ಮಗಾವಾ ಅನ್ನುವ ಇಲಿ ತನ್ನ ಕೆಲಸದ ವರ್ಷಗಳಲ್ಲಿ ಒಟ್ಟು 71 ನೆಲಬಾಂಬ್ ಹುಡುಕಿತ್ತು, 2020ರಲ್ಲಿ ಚಿನ್ನದ ಪದಕವನ್ನೂ ಪಡೆದಿತ್ತು. ಗಣೇಶನ ವಾಹನ ಸುಮ್ನೆ ಅಲ್ಲ ಅಂದರು ಅತ್ತೆ.

ತೋನ್ಲೆ ಸಾಪ್ ಸರೋವರ ಅಕ್ಟೋಬರ್‌ನಲ್ಲಿ ತುಂಬಿ ತುಳುಕುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ, ಸರೋವರದಿಂದ ಹೊರಗೆ ಹರಿಯಬೇಕಾದ ನದಿ ಉಲ್ಟಾ ಒಳಗೆ ಹರಿಯುತ್ತದೆ. ಅಲ್ಲಿಯ ಕಾಂಪೊಂಗ್ ಫ್ಲುಕ್ ಹಳ್ಳಿಯ ಎತ್ತರದ ಕಂಬದ ಮನೆಗಳು ಆಗ ನೋಡಲು ಚೆಂದ. ದೋಣಿಯಲ್ಲಿ ‘ಶಾಲೆ ಮಕ್ಕಳಿಗೆ ಅಕ್ಕಿ ಮೂಟೆ ಕೊಡಿ’ ಅಂತ ಒತ್ತಾಯ ಮಾಡುವವರು ಸಿಗುತ್ತಾರೆ, ನಾವು ಬೇಡ ಅಂದೆವು.

ರಾಜಧಾನಿ ನೋಮ್ ಪೆನ್‌ಗೆ ರಸ್ತೆಯಲ್ಲಿ ಐದಾರು ಗಂಟೆ. ಪಟ್ಟಿಯಲ್ಲಿ ತುವೋಲ್ ಸ್ಲೆಂಗ್ ಇತ್ತು, ಖ್ಮೇರ್ ರೂಜ್ ಅನ್ನುವ ಕ್ರೂರ ಆಡಳಿತದ ಕಾಲದ ಜೈಲು. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಬೇಡ ಅಂತ ಮಗ ಮತ್ತು ನಮ್ಮ ಮನೆಯವರು ಮಾತ್ರ ಹೋದರು. ನಾವು ಮೂವರು ನ್ಯಾಷನಲ್ ಮ್ಯೂಸಿಯಂಗೆ ಹೋದೆವು. ಅಲ್ಲಿ ಒಂದು ಹರಿಹರ ವಿಗ್ರಹ, ಅರ್ಧ ತಲೆ ಜಟೆ, ಅರ್ಧ ಕಿರೀಟ. ಅತ್ತೆಯ ತವರು ಹರಿಹರದ ಪಕ್ಕ. ಆ ವಿಗ್ರಹದ ಮುಂದಿಂದ ಅವರನ್ನು ಎಬ್ಬಿಸಿಕೊಂಡು ಬರುವಷ್ಟರಲ್ಲಿ ಸಾಕುಸಾಕಾಯಿತು.

ಪ್ರೆಯಾ ವಿಹಿಯರ್ ಬೆಟ್ಟದ ಶಿವನ ಗುಡಿ ಕೆಲವು ಪ್ಯಾಕೇಜ್‌ಗಳಲ್ಲಿ ಕಾಣಿಸುತ್ತದೆ. 2025ರ ಜುಲೈನಲ್ಲಿ ಥಾಯ್ಲೆಂಡ್ ಜೊತೆ ಗಡಿಯಲ್ಲಿ ಕಾಳಗವೇ ನಡೆದಿದೆ, ಆ ಕಡೆ ಮಕ್ಕಳನ್ನು ಕಟ್ಟಿಕೊಂಡು ಹೋಗುವ ಮುಂಚೆ ಸುದ್ದಿ ನೋಡಿಕೊಳ್ಳಿ.

ಹಾಗಾದರೆ ಪ್ಯಾಕೇಜ್ ಬೇಕಾ? ವಯಸ್ಸಾದವರಿದ್ದರೆ ವ್ಯಾನ್, ಹೋಟೆಲ್, ಗೈಡ್ ಇಷ್ಟಕ್ಕೆ ಬೇಕು. 2023ರಲ್ಲಿ ಶುರುವಾದ ಸಿಯೆಮ್ ರೀಪ್‌ನ ಹೊಸ ಏರ್‌ಪೋರ್ಟ್ ನಮ್ಮ ದೇವನಹಳ್ಳಿಯ ಹಾಗೆ ಊರಿಂದ ದೂರ, ಬ್ಯಾಂಕಾಕ್ ಮೇಲೆ ಹೋಗಿ ಸುಸ್ತಾಗಿ ಇಳಿದಾಗ ಹೆಸರು ಬರೆದ ಬೋರ್ಡ್ ಹಿಡಿದು ಯಾರೋ ನಿಂತಿದ್ದರೆ ನೆಮ್ಮದಿ. ಬುಕ್ ಮಾಡುವಾಗ ಮೂರು ದಿನದ ಪಾಸ್ ಬರವಣಿಗೆಯಲ್ಲಿ ತಗೊಳ್ಳಿ. ವೀಸಾಕ್ಕೆ ಅವರು ತಲೆಗೆ ಇಷ್ಟು ಅಂತ ಬೇರೆ ಚಾರ್ಜ್ ಹಾಕುತ್ತಾರೆ, ಬೇಡ ಅನ್ನಿ. ಕಾಂಬೋಡಿಯಾ ಸರ್ಕಾರದ ಇ-ವೀಸಾ ಸೈಟ್‌ನಲ್ಲಿ ನೀವೇ ಮಾಡಬಹುದು, 30 ಡಾಲರ್ ಮತ್ತು ಸ್ವಲ್ಪ ಸೇವಾ ಶುಲ್ಕ. ಇ-ಅರೈವಲ್ ಅನ್ನುವ ಫಾರಂ ಅಲ್ಲಿ ಇಳಿಯುವ ಮುಂಚಿನ ಏಳು ದಿನದೊಳಗೆ ತುಂಬಬೇಕು, ಅದು ಪೂರ್ತಿ ಉಚಿತ, ದುಡ್ಡು ಕೇಳಿದರೆ ಅದು ಸರ್ಕಾರದ ಸೈಟ್ ಅಲ್ಲ. ಡಾಲರ್ ಎಲ್ಲ ಕಡೆ ನಡೆಯುತ್ತದೆ, ಚಿಲ್ಲರೆ ಅಲ್ಲಿಯ ಹಣ ರಿಯೆಲ್‌ನಲ್ಲಿ ಕೊಡುತ್ತಾರೆ, ಡಾಲರ್‌ಗೆ ಸುಮಾರು 4000. ನೋಟು ಒಂಚೂರು ಹರಿದಿದ್ದರೂ ಮುಟ್ಟುವುದಿಲ್ಲ, ಹೊಸ ಒಂದು ಡಾಲರ್ ನೋಟುಗಳನ್ನು ಇಲ್ಲಿಂದಲೇ ಜಾಸ್ತಿ ಒಯ್ಯಿರಿ.