ಗ್ರಾಹಕರ ಆಯೋಗವೋ, ಸ್ಪರ್ಧಾ ಆಯೋಗವೋ?

ದೊಡ್ಡ ಕಂಪನಿಯಿಂದ ಮೋಸವಾಗಿದೆ, ಎಲ್ಲಿ ದೂರು ಕೊಡೋದು? ಮೊದಲು ಕೇಳಿಕೊಳ್ಳಿ: ನಿಮಗೆ ಬೇಕಿರುವುದು ನಿಮ್ಮ ದುಡ್ಡಾ, ಇಲ್ಲಾ ಆ ಕಂಪನಿಯ ದರ್ಬಾರಿಗೆ ಕಡಿವಾಣವಾ?

ದುಡ್ಡಾದರೆ ಜಿಲ್ಲಾ ಗ್ರಾಹಕರ ಆಯೋಗ ಸಾಕು. ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ. ಮೋಸವಾದ ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.

ದೆಹಲಿಯ ಸ್ಪರ್ಧಾ ಆಯೋಗದ ಕಥೆಯೇ ಬೇರೆ. ಅದು ನೋಡುವುದು ಇಡೀ ಮಾರುಕಟ್ಟೆಯನ್ನು, ಅಲ್ಲಿ ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಅಂತ. ಕಂಪನಿ ದೊಡ್ಡದು ಅನ್ನೋದು ಅಲ್ಲಿ ತಪ್ಪಲ್ಲ. ಆ ಬಲವನ್ನು ದುರುಪಯೋಗ ಮಾಡಿಕೊಂಡರೆ ತಪ್ಪು. ಗುರುಗ್ರಾಮದ ಫ್ಲ್ಯಾಟ್ ಮಾಲೀಕರ ಸಂಘ, ಕಟ್ಟಡ ಕಟ್ಟಿ ಮಾರುವ ದೊಡ್ಡ ಕಂಪನಿ ಡಿಎಲ್‌ಎಫ್‌ನ ಏಕಪಕ್ಷೀಯ ಒಪ್ಪಂದದ ಬಗ್ಗೆ ದೂರು ಕೊಟ್ಟಿತ್ತು. 2011ರಲ್ಲಿ ಆಯೋಗ ಹಾಕಿದ ದಂಡ 630 ಕೋಟಿ ರೂಪಾಯಿ! ಆದರೆ ದಂಡದ ಹಣ ಹೋಗುವುದು ಸರ್ಕಾರದ ಬೊಕ್ಕಸಕ್ಕೆ, ದೂರು ಕೊಟ್ಟವರ ಜೇಬಿಗಲ್ಲ. ಪರಿಹಾರ ಬೇಕೆಂದರೆ ಮೇಲ್ಮನವಿ ನ್ಯಾಯಮಂಡಳಿಗೆ ಬೇರೆಯಾಗಿ ಅರ್ಜಿ ಹಾಕಬೇಕು. ಮೇಲ್ಮನವಿಗಳಲ್ಲೇ ವರ್ಷಗಳು ಕಳೆಯುತ್ತವೆ.

ಕೆಟ್ಟ ಫ್ರಿಜ್ಜಿಗೆ ಸುಮ್ನೆ ದೆಹಲಿವರೆಗೆ ಯಾಕೆ, ಅಲ್ವಾ? ಆದರೆ ನೀವು ವ್ಯಾಪಾರಿಗಳಾಗಿದ್ದು, ಪೂರೈಕೆದಾರರೆಲ್ಲ ಒಳಗೊಳಗೇ ಸೇರಿ ಬೆಲೆ ನಿಗದಿ ಮಾಡಿಕೊಂಡಿದ್ದರೆ, ಒಬ್ಬರೇ ಹೋಗಬೇಡಿ. ಸಂಘದ ಮೂಲಕ ಸ್ಪರ್ಧಾ ಆಯೋಗಕ್ಕೇ ಹೋಗಿ.